ಹುಲಿ ತಲೆಯ ರಾಕ್ಷಸನೂ ದೊಡ್ಡಪ್ಪನ ಬಣ್ಣದ ವೇಷವೂ

ಶನಿವಾರ ರಾತ್ರಿ ನಾವು ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ತೀವಿ. ಎಲ್ಲರೂ ಕೋಡ್ ಬರೆದು ಹೊಟ್ಟೆ ಹೊರೆಯುವವರೇ. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಒಬ್ಬ ಕತೆ ನಡೆಸ್ತಾನೆ, ಉಳಿದವರು ಆ ಕತೆಯ ಪಾತ್ರಗಳಾಗಿ ಏನು ಮಾಡ್ತೀವಿ ಅಂತ ಹೇಳ್ತಾರೆ, ಗೆಲುವು ಸೋಲು ದಾಳಕ್ಕೆ ಬಿಟ್ಟದ್ದು. ಹೋದ ತಿಂಗಳು ಕತೆ ನಡೆಸುವ ಸರದಿ ನನ್ನದು. ಆಟದ ಹಳೇ ಪುಸ್ತಕದಿಂದ ಒಬ್ಬ ರಾಕ್ಷಸನನ್ನು ತಂದು ನಿಲ್ಲಿಸಿದೆ. ಮೂರೇ ಸುತ್ತಿನಲ್ಲಿ ಸತ್ತ. ಗೆಳೆಯರು ಪಿಜ್ಜಾಕ್ಕೆ ಕೈ ಹಾಕಿದರು. ನನಗೆ ಮಾತ್ರ ಮನೆಯವರಿಗೇ ಏನೋ ಅವಮಾನ ಮಾಡಿದ ಹಾಗೆ ಆಯ್ತು.

ಯಾಕೆಂದರೆ ನಮ್ಮ ದೊಡ್ಡಪ್ಪ ಯಕ್ಷಗಾನದಲ್ಲಿ ಬಣ್ಣದ ವೇಷದವರು. ದಕ್ಷಿಣ ಕನ್ನಡದ ನಮ್ಮೂರಲ್ಲಿ ಆಟ ಇದ್ದ ದಿನ ಚೌಕಿಯಲ್ಲಿ ಕೂತು ಅವರು ಗಂಟೆಗಟ್ಟಲೆ ಮುಖಕ್ಕೆ ಚುಟ್ಟಿ ಇಟ್ಟುಕೊಳ್ಳುವುದನ್ನು ನೋಡುತ್ತಾ ನಾನು ಬೆಳೆದವನು. ನಡುರಾತ್ರಿ ದೊಂದಿ ಹಿಡಿದು, ಆರ್ಭಟ ಕೊಟ್ಟು, ಜನರ ನಡುವಿನಿಂದ ಅವರು ಬರುವಾಗ ಅದು ನಮ್ಮ ದೊಡ್ಡಪ್ಪ ಅಂತ ಗೊತ್ತಿದ್ದೂ ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದೆ. ಅಂಥ ರಾಕ್ಷಸ ಮೂರು ಸುತ್ತಿಗೆ ಮುಗಿದುಹೋಗುವುದು ಅಂದ್ರೆ ಏನು? ಇವನನ್ನು ಬರೆದವರು ಯಾರು, ತಂದದ್ದು ಎಲ್ಲಿಂದ ಅಂತ ಹುಡುಕುತ್ತಾ ಹೋದೆ.

ಬರೆದವರು ಗ್ಯಾರಿ ಗೈಗ್ಯಾಕ್ಸ್. 1938ರಲ್ಲಿ ಶಿಕಾಗೋದಲ್ಲಿ ಹುಟ್ಟಿ, ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಪುಟ್ಟ ಊರಲ್ಲಿ ಬೆಳೆದವರು. ಇನ್ಶೂರೆನ್ಸ್ ಕಂಪನಿಯಲ್ಲಿ ದುಡಿದರು, ಮನೆಯಲ್ಲಿ ಚಪ್ಪಲಿ ರಿಪೇರಿಯನ್ನೂ ಮಾಡಿದರು. ಡೇವ್ ಆರ್ನೆಸನ್ ಜೊತೆ ಸೇರಿ 1974ರಲ್ಲಿ ಈ ಆಟವನ್ನು ಹೊರತಂದರು. 1979ರಲ್ಲಿ ಬಂದ ಅವರ 'ಡಂಜನ್ ಮಾಸ್ಟರ್ಸ್ ಗೈಡ್'ನ ಕೊನೆಯಲ್ಲಿ 'ಅಪೆಂಡಿಕ್ಸ್ ಎನ್' ಅಂತ ಒಂದು ಸಣ್ಣ ಅನುಬಂಧ ಇದೆ. ತನಗೆ ಸ್ಫೂರ್ತಿ ಕೊಟ್ಟ ಲೇಖಕರ ಪಟ್ಟಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಿಪೆಂಡೆನ್ಸಿ ಲಿಸ್ಟ್. ಚಿಕ್ಕಂದಿನಲ್ಲಿ ಅಪ್ಪ ಹೇಳುತ್ತಿದ್ದ ಕತೆಗಳನ್ನೂ ಅಲ್ಲಿ ಅವರು ನೆನೆಯುತ್ತಾರೆ. ಅಲ್ಲೇ ನನಗೆ ಈ ಮನುಷ್ಯ ಇಷ್ಟವಾದದ್ದು.

ಆ ಪಟ್ಟಿ ಹಿಡಿದು ಮೂಲ ಕತೆಗಳನ್ನು ಓದಿದರೆ ಒಂದು ವಿಷಯ ಗೊತ್ತಾಗುತ್ತೆ. ಗೈಗ್ಯಾಕ್ಸ್ ಗೆದ್ದಿರುವುದು, ತಾನು ಓದಿದ್ದನ್ನು ಆಟದ ನಿಯಮವಾಗಿ ಮಾಡಿದ ಕಡೆ. ಸೋತಿರುವುದು, ಬರೀ ಮೈಮೇಲಿನ ವೇಷ ತಂದ ಕಡೆ.

ಗೆದ್ದ ಕಡೆಗೆ ಉದಾಹರಣೆ ಜಾಕ್ ವಾನ್ಸ್ ಅವರ 1950ರ 'ದಿ ಡೈಯಿಂಗ್ ಅರ್ಥ್'. ಅಲ್ಲಿನ ಮಾಂತ್ರಿಕನ ತಲೆಯಲ್ಲಿ ಬೆರಳೆಣಿಕೆಯ ಮಂತ್ರಗಳಿಗೆ ಮಾತ್ರ ಜಾಗ. ಒಮ್ಮೆ ಹೇಳಿದರೆ ಆ ಮಂತ್ರ ಮರೆತೇ ಹೋಗುತ್ತೆ, ಮತ್ತೆ ಪುಸ್ತಕ ತೆಗೆದು ಉರುಹೊಡೆಯಬೇಕು. ಗೈಗ್ಯಾಕ್ಸ್ ಇದನ್ನು ಹಾಗೇ ಆಟದ ನಿಯಮ ಮಾಡಿದರು. ಇವತ್ತು ಯಾವ ಮಂತ್ರ ಹೊತ್ತುಕೊಂಡು ಹೋಗಲಿ ಅಂತ ಆಟಗಾರ ಬೆಳಿಗ್ಗೆಯೇ ತಲೆ ಕೆಡಿಸಿಕೊಳ್ಳಬೇಕು. ಬೇಕಾದ ಹೊತ್ತಿಗೆ ಮಂತ್ರ ಕೈಕೊಡುವ ಸಂಕಟ ಕರ್ಣನ ಕತೆ ಕೇಳಿದವರಿಗೆ ಹೊಸದಲ್ಲ. ಆಟವೂ ವಾನ್ಸ್ ಅವರ ಋಣವನ್ನು ಮರೆಯಲಿಲ್ಲ: ಆಟದ ಕುಖ್ಯಾತ ಮಾಂತ್ರಿಕ 'ವೆಕ್ನಾ'ನ ಹೆಸರು ವಾನ್ಸ್ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಹಾಕಿದ್ದು. ಹಾಗೆಯೇ ಕಡಿದರೂ ಮತ್ತೆ ಬೆಳೆಯುವ ಟ್ರೋಲ್ ಬಂದದ್ದು ಪೌಲ್ ಆಂಡರ್ಸನ್ ಕಾದಂಬರಿಯಿಂದ.

ಟೋಲ್ಕಿನ್ ವಿಷಯದಲ್ಲಿ ಮಾತ್ರ ಅವರ ಮಾತು ನನಗೆ ಗಂಟಲಲ್ಲಿ ಇಳಿಯಲ್ಲ. ಪಟ್ಟಿಯಲ್ಲಿ ಹೆಸರಿದೆ, ಆದರೆ ಪ್ರಭಾವ ಅಷ್ಟೇನಿಲ್ಲ ಅಂತ ಅವರು ವಾದಿಸುತ್ತಲೇ ಬಂದರು. ಮೊದಲ ಮುದ್ರಣದಲ್ಲಿ ಹಾಬಿಟ್‌ಗಳು ಹೆಸರು ಸಮೇತ ಇದ್ದರು. ಹಕ್ಕುದಾರರು ತಕರಾರು ತೆಗೆದ ಮೇಲೆ ಅವರು 'ಹಾಫ್‌ಲಿಂಗ್' ಆದರು, ಎಂಟ್ ಎಂಬ ನಡೆಯುವ ಮರ 'ಟ್ರೆಂಟ್' ಆಯಿತು. ವೇರಿಯಬಲ್ ಹೆಸರು ಬದಲಿಸಿದ ಮಾತ್ರಕ್ಕೆ ಕೋಡ್ ನಮ್ಮದಾಗಲ್ಲ, ಅಲ್ವಾ?

ಇನ್ನು ನಮ್ಮ ರಾಕ್ಷಸ. 1977ರ 'ಮಾನ್‌ಸ್ಟರ್ ಮ್ಯಾನುಯಲ್'ನಲ್ಲಿ ಅವನಿಗೆ ಹುಲಿಯ ತಲೆ, ಕೈಯಲ್ಲಿ ಪೈಪು. ಮೊದಲು ಕಂಡುಬಂದದ್ದು ಭಾರತದಲ್ಲಿ ಅನ್ನುವ ವಿವರವೂ ಇದೆ. ಆದರೆ ಅವನು ಬಂದದ್ದು ರಾಮಾಯಣದಿಂದಲ್ಲ, 'ಕೋಲ್ಚಾಕ್' ಎಂಬ ಅಮೆರಿಕನ್ ಟೀವಿ ಧಾರಾವಾಹಿಯ 1974ರ ಒಂದು ಕಂತಿನಿಂದ. ಅದರಲ್ಲಿ ರಾಕ್ಷಸ ನೀವು ತುಂಬಾ ನಂಬುವ ವ್ಯಕ್ತಿಯ ರೂಪದಲ್ಲಿ ಹತ್ತಿರ ಬರುತ್ತಾನೆ. ಮಂತ್ರಿಸಿದ ಬಾಣಕ್ಕೆ ಸಾಯುತ್ತಾನೆ. ಎರಡೂ ಹಾಗೇ ಆಟಕ್ಕೆ ಬಂದವು.

ಇದನ್ನು ಓದಿದಾಗ ಮೊದಲು ಸಿಟ್ಟೇ ಬಂತು. ಆಮೇಲೆ ಯೋಚಿಸಿದೆ. ನಂಬಿದವರ ರೂಪದಲ್ಲಿ ಬರುವವನು ಅಂದ್ರೆ ಪಂಚವಟಿಯ ಕಪಟ ಸನ್ಯಾಸಿ ತಾನೇ? ಹಾಲೂಡಲು ಬಂದ ಪೂತನಿ ತಾನೇ? ಟೀವಿ ದಾಟಿ, ಸಮುದ್ರ ದಾಟಿ, ಮೂರನೇ ಕೈಗೆ ಹೋದರೂ ಆ ಗುಣ ಉಳಿದುಕೊಂಡಿದೆ. ನಿಯಮವಾಗಿ ಬಂದದ್ದರಿಂದ ಉಳಿದಿದೆ. ಹಾಗಾದರೆ ಕಳೆದುಹೋದದ್ದು ಯಾವುದು ಅನ್ನೋದು ನನಗೆ ಹೊಳೀಲಿಲ್ಲ.

ಹೊಳೆಯಿಸಿದ್ದು ದೊಡ್ಡಪ್ಪ. ಫೋನ್ ಮಾಡಿ ಎಲ್ಲಾ ಹೇಳಿದೆ. ಅವರು ಕೇಳಿದ್ದು ಒಂದೇ: "ಅವ ಮಾತಾಡ್ತಾನಾ?"

"ಇಲ್ಲ ದೊಡ್ಡಪ್ಪ. ಪುಸ್ತಕದಲ್ಲಿ ಅವನಿಗೆ ಮಾತೇ ಕೊಟ್ಟಿಲ್ಲ."

"ಹಾಗಾದ್ರೆ ಅದೆಂತ ರಾಕ್ಷಸ ಮಾರಾಯಾ, ಅದು ಬರೀ ಹುಲಿವೇಷ."

ಅಷ್ಟೇ ವಿಷಯ. ತಾಳಮದ್ದಳೆಯಲ್ಲಿ ರಾವಣನಿಗೆ ವಾದ ಇದೆ, ತಂಗಿಯ ಅವಮಾನದ ಸಂಕಟ ಇದೆ, ಕುಲದ ಹೆಮ್ಮೆ ಇದೆ. ಗೈಗ್ಯಾಕ್ಸ್ ರಾಕ್ಷಸನಿಗೆ ಇರುವುದು ಎಷ್ಟು ಪೆಟ್ಟು ತಡೀತಾನೆ ಅನ್ನುವ ಲೆಕ್ಕ. ವಾನ್ಸ್ ಅವರನ್ನು ಓದುಗನಾಗಿ ಪ್ರೀತಿಸಿದ್ದಕ್ಕೆ ಆ ಮಾಂತ್ರಿಕನ ಕಷ್ಟವೂ ಆಟಕ್ಕೆ ಬಂತು. ರಾಕ್ಷಸನ ಕತೆಯನ್ನು ಕೇಳಿಯೇ ಇರಲಿಲ್ಲ, ಹಾಗಾಗಿ ಅವನ ಉಪಾಯ ಮಾತ್ರ ಬಂತು.

ಇದನ್ನು ಪೂರ್ತಿ ಅವರ ತಲೆಗೆ ಕಟ್ಟುವುದೂ ತಪ್ಪು. ಅವರಿಗೆ ಸಿಕ್ಕಿದ್ದು ಒಂದು ಟೀವಿ ಕಂತು. ನನಗೆ ಸಿಕ್ಕಿದ್ದು ಇಡೀ ರಾತ್ರಿಯ ಆಟ. ಆದರೂ ಶನಿವಾರ ಕತೆ ನಡೆಸುವಾಗ ನಾನು ಕಣ್ಣುಮುಚ್ಚಿ ಅವರ ಪುಸ್ತಕವನ್ನೇ ಕಾಪಿ ಹೊಡೆದೆ. ನನ್ನದೇ ಪಟ್ಟಿ ಬರೆಯಲು ಕೂತರೆ ಮೊದಲ ಸಾಲಿನಲ್ಲಿ ದೊಡ್ಡಪ್ಪನ ಹೆಸರು ಇರಬೇಕಿತ್ತು.

ಮುಂದಿನ ಸರದಿಗೆ ಅದೇ ರಾಕ್ಷಸನನ್ನು ಮತ್ತೆ ತರ್ತಿದ್ದೇನೆ. ಈ ಸಲ ಯಾರೂ ದಾಳ ಮುಟ್ಟುವ ಮುಂಚೆ ಅವನು ಹತ್ತು ನಿಮಿಷ ಮಾತಾಡ್ತಾನೆ. ಅರ್ಥ ಬರೆದುಕೊಡ್ತೇನೆ ಅಂತ ದೊಡ್ಡಪ್ಪ ಒಪ್ಪಿದ್ದಾರೆ.