ಬಂಕರಿನಲ್ಲಿ ಅಗೆಯಬೇಡಿ

ಟೀವಿಯಲ್ಲಿ ದೊಡ್ಡ ಗಾಲ್ಫ್ ಟೂರ್ನಿ ನೋಡುವವರು ಒಂದು ವಿಚಿತ್ರ ಗಮನಿಸಿರುತ್ತೀರಿ. ಗ್ರೀನ್ ಕಡೆಗೆ ಹೊಡೆದ ಚೆಂಡು ದಾರಿ ತಪ್ಪಿ ದಟ್ಟ ಹುಲ್ಲಿನತ್ತ ಹೊರಟರೆ ವೃತ್ತಿಪರ ಆಟಗಾರ ಅದರ ಬೆನ್ನ ಹಿಂದೆಯೇ ಕೂಗುತ್ತಾನೆ: ‘ಬಂಕರಿಗೆ ಬೀಳು!’ ನಮ್ಮ ಭಾನುವಾರದ ಆಟಗಾರರ ಹರಕೆ ಇದಕ್ಕೆ ತದ್ವಿರುದ್ಧ. ಕೆರೆಗೆ ಬಿದ್ದರೂ ಅಡ್ಡಿಯಿಲ್ಲ, ಮರಳಿಗೆ ಮಾತ್ರ ಬೇಡ ಎನ್ನುವವರು ಪ್ರತಿ ಕ್ಲಬ್ಬಿನಲ್ಲೂ ಸಿಗುತ್ತಾರೆ. ಮರಳು ಅದೇ, ಚೆಂಡು ಅದೇ, ಸ್ಯಾಂಡ್ ವೆಜ್ ಕೂಡ ಹೆಚ್ಚುಕಮ್ಮಿ ಅದೇ. ಒಬ್ಬರಿಗೆ ಅದು ಆಸರೆ, ಇನ್ನೊಬ್ಬರಿಗೆ ಹಳ್ಳ.

ಈ ಅಂತರಕ್ಕೆ ತೋಳ್ಬಲ ಕಾರಣವಲ್ಲ. ಪ್ರತಿಭೆಯ ಪಾಲೂ ನಾವು ಅಂದುಕೊಂಡಷ್ಟಿಲ್ಲ. ಕ್ಲಬ್ಬಿನ ಯಾವ ಭಾಗ ಮರಳಿಗೆ ಮೊದಲು ತಾಗಬೇಕು ಎನ್ನುವುದು ಅವರಿಗೆ ಗೊತ್ತು, ನಮ್ಮಲ್ಲಿ ಬಹಳ ಜನಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಈ ವಾರದ ಅಂಕಣ ಅಷ್ಟಕ್ಕೇ ಮೀಸಲು.

1930ರ ದಶಕಕ್ಕೆ ಮೊದಲು ದೊಡ್ಡ ಆಟಗಾರರೂ ಬಂಕರಿಗೆ ಹೆದರುತ್ತಿದ್ದರು. ಆಗ ಮರಳಿಗೆ ಬಳಸುತ್ತಿದ್ದ ಕ್ಲಬ್ ನಿಬ್ಲಿಕ್. ಅದರ ಅಡಿ ತೆಳು, ಅಂಚು ಚೂಪು. ಹೊಡೆದರೆ ಸೀದಾ ಮರಳಿಗಿಳಿದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇದಕ್ಕೆ ಮದ್ದಾಗಿ ಮೊದಲು ಮುಖ ಒಳತಗ್ಗಾಗಿರುವ ವೆಜ್ಜೊಂದು ಬಂತು. 1930ರಲ್ಲಿ ಬಾಬಿ ಜೋನ್ಸ್ ಬಳಸಿದ್ದ ಆ ಬಗೆಯ ಕ್ಲಬ್ಬನ್ನು ಮರುವರ್ಷವೇ ನಿಷೇಧಿಸಿದರು. ಬಾಳುವ ಪರಿಹಾರ ಕೊಟ್ಟವರು ಆಟಗಾರ ಜೀನ್ ಸರಾಝೆನ್. ವಿಮಾನ ನಡೆಸುವುದನ್ನು ಕಲಿಯುವಾಗ, ಬಾಲ ಕೆಳಗಾದರೆ ಮೂತಿ ಮೇಲೇಳುವುದನ್ನು ಕಂಡು ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಫ್ಲಾರಿಡಾದಲ್ಲಿ ಕುಳಿತು ನಿಬ್ಲಿಕ್ಕಿನ ಅಡಿಗೆ ಬೆಸುಗೆಯ ಲೋಹ ಪೇರಿಸಿದರು, ಅರದಿಂದ ಉಜ್ಜಿದರು, ಹೊಡೆದು ನೋಡಿದರು, ಮತ್ತೆ ಉಜ್ಜಿದರು. ಅಡಿಯ ಹಿಂಭಾಗ ಮುಂದಂಚಿಗಿಂತ ಕೆಳಗೆ ಬರುವಂತೆ ಮಾಡಿದ್ದೇ ಅವರ ಜಾಣತನ. ಆ ಕ್ಲಬ್ ಹಿಡಿದು 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಮೈದಾನದಲ್ಲಿ ಓಪನ್ ಚಾಂಪಿಯನ್‌ಷಿಪ್ ಗೆದ್ದರು. 1973ರ ಓಪನ್‌ನಲ್ಲಿ, 71ನೇ ವಯಸ್ಸಿನಲ್ಲಿ, ರಾಯಲ್ ಟ್ರೂನಿನ ಎಂಟನೇ ಹೋಲ್‌ನಲ್ಲಿ ಮೊದಲ ದಿನ ಒಂದೇ ಏಟಿಗೆ ಚೆಂಡನ್ನು ಕುಳಿಗೆ ಹಾಕಿದರು. ಮರುದಿನ ಅದೇ ಹೋಲ್‌ನಲ್ಲಿ ಬಂಕರಿಗೆ ಬಿದ್ದರು. ಅಲ್ಲಿಂದಲೂ ನೇರ ಕುಳಿಗೇ. ಎರಡು ದಿನ ಪಟರ್ ಮುಟ್ಟದೆ ಆ ಹೋಲ್ ಮುಗಿಸಿದ ಮನುಷ್ಯ.

ಸರಾಝೆನ್ ಪೇರಿಸಿದ ಆ ಉಬ್ಬಿಗೆ ಇವತ್ತಿನ ಹೆಸರು ಬೌನ್ಸ್. ವೆಜ್ ಕೊಳ್ಳುವಾಗ ನಾವೆಲ್ಲ ಕೇಳುವುದು ಲಾಫ್ಟ್ ಎಷ್ಟು ಎಂದು: 54, 56, 58 ಡಿಗ್ರಿ. ಅದರ ಪಕ್ಕದಲ್ಲಿ ಹಲವು ಕಂಪನಿಗಳು ಕೆತ್ತಿರುವ 8, 10, 14 ಎನ್ನುವ ಇನ್ನೊಂದು ಸಂಖ್ಯೆಯತ್ತ ಕಣ್ಣು ಹೋಗುವುದಿಲ್ಲ. ಬೌನ್ಸ್ ಎಂದರೆ ಅದೇ. ಗಾರೆ ಕೆಲಸದವರು ಕರಣೆ ಎಳೆಯುವುದನ್ನು ನೋಡಿ. ಮುಂದಂಚನ್ನು ಕೊಂಚ ಎತ್ತಿದರೆ ಅದು ಗಾರೆಯ ಮೇಲೆ ಜಾರುತ್ತದೆ, ಅಂಚು ಕೆಳಗಾದರೆ ಕೊರೆಯುತ್ತದೆ. ಸ್ಯಾಂಡ್ ವೆಜ್ಜಿನದೂ ಇದೇ ನ್ಯಾಯ. ಅಡಿ ತಾಗಿದರೆ ಚೆಂಡಿನ ಕೆಳಗಿನ ಮರಳಿನ ತೆಳು ಪದರವನ್ನು ಎಬ್ಬಿಸಿ ಹೊರಗೆ ಬರುತ್ತದೆ, ಆ ಮರಳು ಚೆಂಡನ್ನು ಹೊತ್ತು ತರುತ್ತದೆ. ಅಂಚು ತಾಗಿದರೆ ಅಗೆತ ಶುರು. ಗಾಲ್ಫಿನ ಬೇರೆಲ್ಲ ಏಟುಗಳಲ್ಲಿ ಕ್ಲಬ್ ಚೆಂಡಿಗೆ ತಾಗಬೇಕು. ಗ್ರೀನ್ ಪಕ್ಕದ ಬಂಕರಿನಲ್ಲಿ ಮಾತ್ರ ತಾಗಲೇಬಾರದು. ‘ಸಾರ್, ಬಾಲ್ ಬಿಡಿ, ಮರಳು ಹೊಡೀರಿ’ ಎಂದು ನಮ್ಮ ಕ್ಯಾಡಿಗಳು ಹೇಳುವುದು ಇದನ್ನೇ. ಅವರ ಮಾತಿಗೆ ನಾವು ತಲೆಯಾಡಿಸುತ್ತೇವೆ, ಆಮೇಲೆ ಚೆಂಡನ್ನೇ ದಿಟ್ಟಿಸಿ ಚೆಂಡಿಗೇ ಹೊಡೆಯುತ್ತೇವೆ.

ನಿಲ್ಲುವ ಕ್ರಮವನ್ನು ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತೇನೆ. ಮೊದಲು ಕ್ಲಬ್ಬಿನ ಮುಖವನ್ನು ಬಲಕ್ಕೆ ತೆರೆಯಿರಿ, ಆಮೇಲೆ ಹಿಡಿಯಿರಿ. ಮೊದಲೇ ಹಿಡಿದು ಮಣಿಕಟ್ಟು ತಿರುಗಿಸಿ ತೆರೆದರೆ ಏಟಿನ ಹೊತ್ತಿಗೆ ಕೈ ತನ್ನ ಹಳೆಯ ಜಾಗಕ್ಕೆ ಬಂದು ಮುಖ ಮುಚ್ಚಿಕೊಳ್ಳುತ್ತದೆ. ಮುಖ ತೆರೆದಷ್ಟೂ ಬೌನ್ಸ್ ಹೆಚ್ಚಾಗುತ್ತದೆ ಎನ್ನುವುದೇ ಇದರ ಗುಟ್ಟು. ಚೆಂಡು ಎಡ ಹಿಮ್ಮಡಿಯ ನೇರಕ್ಕಿರಲಿ. ಪಾದಗಳನ್ನು ಮರಳಿನಲ್ಲಿ ಕೊಂಚ ಊರಿ ಮಂಡಿ ಬಗ್ಗಿಸಿ. ಮೈಭಾರದ ಅರ್ಧಕ್ಕಿಂತ ತುಸು ಹೆಚ್ಚನ್ನು ಎಡಗಾಲಿಗೆ ಹಾಕಿ, ಏಟು ಮುಗಿಯುವ ತನಕ ಅಲ್ಲೇ ಇಡಿ. ಕೈಗಳನ್ನು ಗುರಿಯ ಕಡೆಗೆ ಮುಂದೆ ತಳ್ಳಬೇಡಿ; ಕೈ ಮುಂದೆ ಹೋದಷ್ಟೂ ಬೌನ್ಸ್ ಕೆಲಸ ಕಳೆದುಕೊಂಡು ಅಂಚು ಕೆಳಗಿಳಿಯುತ್ತದೆ.

ಇನ್ನು ಬೀಸು. ಚೆಂಡಿಗಿಂತ ಸುಮಾರು 5 ಸೆಂ.ಮೀ. ಹಿಂದಿನ ಮರಳನ್ನು ಕಣ್ಣಿನಲ್ಲಿಟ್ಟುಕೊಳ್ಳಿ. ನಡುವೆ ಮರಳು ಇರುವುದರಿಂದ ಬೀಸಿನ ಬಹುಪಾಲು ಅದಕ್ಕೇ ಖರ್ಚಾಗುತ್ತದೆ. ಹುಲ್ಲಿನ ಮೇಲಿಂದ ಅಷ್ಟೇ ದೂರಕ್ಕೆ ಬೇಕಾದದ್ದರ ಎರಡರಷ್ಟಕ್ಕೂ ದೊಡ್ಡ ಬೀಸು ಬೇಕು. ಹತ್ತು ಗಜದ ಏಟಿಗೆ ಇಷ್ಟೊಂದೇ ಎಂದು ಅರ್ಧ ದಾರಿಯಲ್ಲಿ ಅಳುಕಿ ಕೈ ತಡೆದವರ ಚೆಂಡು ಎರಡಡಿ ಮುಂದೆ ಅದೇ ಮರಳಿನಲ್ಲಿ ನಿಂತಿರುತ್ತದೆ. ಎದೆ ಗುರಿಯ ಕಡೆ ತಿರುಗಿ ಕ್ಲಬ್ ಭುಜದೆತ್ತರಕ್ಕೆ ಬರುವವರೆಗೆ ಬೀಸಿ ಮುಗಿಸಿ.

ಬಂಕರಿನಂಥ ಒಳ್ಳೆ ಗುರು ಇನ್ನೊಬ್ಬನಿಲ್ಲ, ಏಕೆಂದರೆ ಪ್ರತಿ ಏಟಿನ ವರದಿಯನ್ನೂ ಅದು ಬರೆದಿಟ್ಟಿರುತ್ತದೆ. ಚೆಂಡು ಎಲ್ಲಿ ಹೋಯಿತು ಎಂದು ನೋಡುವ ಮೊದಲು ಕಾಲ ಬುಡದ ಗುರುತು ನೋಡಿ. ಚೆಂಡಿದ್ದ ಜಾಗದ ಹಿಂದೆ ಶುರುವಾಗಿ, ಅದನ್ನು ದಾಟಿ ಮುಗಿದಿರುವ, ಒಂದು ಗೇಣಿಗಿಂತ ಕಡಿಮೆ ಉದ್ದದ, ಆಳವಿಲ್ಲದ ಅಗಲ ಪಟ್ಟೆ ಕಂಡರೆ ಏಟು ಸರಿಯಾಗಿತ್ತು. ಗಿಡ್ಡ, ಆಳದ ಗುಂಡಿ ಕಂಡರೆ ಅಂಚು ಇಳಿದಿದೆ. ಕೈ ಮುಂದೆ ಹೋಗಿದೆ, ಇಲ್ಲವೇ ಮುಖ ಮುಚ್ಚಿದೆ. ಗುರುತು ಹತ್ತು-ಹನ್ನೆರಡು ಸೆಂ.ಮೀ. ಹಿಂದಿನಿಂದಲೇ ಶುರುವಾಗಿದ್ದರೆ ಭಾರ ಬಲಗಾಲಿಗೆ ಜಾರಿದೆ ಎಂದರ್ಥ. ಚೆಂಡಿನ ಹಿಂದೆ ಗುರುತೇ ಇಲ್ಲದೆ ಚೆಂಡು ಗ್ರೀನನ್ನು ಹಾರಿ ಆಚೆ ಹೋಗಿದ್ದರೆ, ಅದನ್ನು ಎತ್ತುವ ಆತುರದಲ್ಲಿ ನೀವೇ ಮೇಲೆದ್ದಿದ್ದೀರಿ. ಅಭ್ಯಾಸದ ಬಂಕರಿನಲ್ಲಿ ಉದ್ದಕ್ಕೊಂದು ಗೆರೆ ಎಳೆದು, ಚೆಂಡಿಲ್ಲದೆ, ಪ್ರತಿ ಬೀಸೂ ಆ ಗೆರೆಯಲ್ಲೇ ಮರಳಿಗಿಳಿಯುವಂತೆ ಸಾಲಾಗಿ ಹೊಡೆಯುತ್ತಾ ಹೋಗಿ. ಗೆರೆ ಸಿಗತೊಡಗಿದ ಮೇಲೆ ಅದರಿಂದ 5 ಸೆಂ.ಮೀ. ಮುಂದೆ ಚೆಂಡುಗಳನ್ನಿಟ್ಟು, ಗೆರೆಯನ್ನೇ ನೋಡಿ ಹೊಡೆಯಿರಿ. ಮ್ಯಾಟ್ ಮೇಲೆ ನೂರು ಚೆಂಡು ಹೊಡೆದು ಬರದ ವಿದ್ಯೆ ಇದು.

ಎಲ್ಲ ಮರಳೂ ಒಂದೇ ಅಲ್ಲ. ಆಗಸ್ಟಾದ ಹೊಳೆಯುವ ಬಿಳಿ ಮರಳು ನಾರ್ತ್ ಕ್ಯಾರೊಲೈನಾದ ಗಣಿಗಳಿಂದ ಬಂದ ಸ್ಫಟಿಕಶಿಲೆಯ ಹರಳು. ಕಾಳು ದುಂಡಗಿದ್ದರೆ ಚೆಂಡು ಹೂತುಕೊಳ್ಳುತ್ತದೆ, ಮೂಲೆಮೂಲೆಯಾಗಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ಚೆಂಡನ್ನು ಮೇಲೆಯೇ ಹಿಡಿಯುತ್ತದೆ. ಸಡಿಲ, ಆಳದ ಮರಳಿಗೆ 12–14 ಡಿಗ್ರಿ ಬೌನ್ಸ್ ಒಳ್ಳೆಯದು. ತೆಳು, ಗಟ್ಟಿ ಮರಳಿಗೆ 6–8 ಸಾಕು. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಬಿದ್ದ ಬಂಕರು ಬಿಗಿದುಕೊಂಡಿರುತ್ತದೆ. ಅಲ್ಲಿ ಮುಖ ಪೂರ್ತಿ ತೆರೆದರೆ ಅಡಿ ಮರಳಿನ ಮೇಲಿಂದ ಪುಟಿದು ಅಂಚು ಚೆಂಡಿನ ನಡುವಿಗೇ ಬಡಿಯುತ್ತದೆ. ಮುಖ ಕಡಿಮೆ ತೆರೆಯಿರಿ, ಬೀಸನ್ನೂ ಕಡಿಮೆ ಮಾಡಿ. ಚೆಂಡು ಬಿದ್ದ ಮೇಲೆ ಹೆಚ್ಚು ಓಡುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಚೆಂಡು ತಾನು ಬಿದ್ದ ಗುಳಿಯಲ್ಲೇ ಅರ್ಧ ಹೂತು ಕುಳಿತಿದ್ದರೆ, ಅಂದರೆ ‘ಫ್ರೈಡ್ ಎಗ್’ ಆಗಿದ್ದರೆ, ಇಲ್ಲಿಯವರೆಗೆ ಹೇಳಿದ್ದನ್ನು ಬದಿಗಿಡಿ. ಅಗೆಯಲೇಬೇಕಾದ ಜಾಗ ಅದೊಂದೇ. ಮುಖವನ್ನು ನೇರಕ್ಕೆ ಅಥವಾ ಕೊಂಚ ಮುಚ್ಚಿ, ಕಡಿದಾಗಿ ಇಳಿಸಿ. ಚೆಂಡು ತಿರುಗದೆ ಬಂದು ಉರುಳುತ್ತದೆ. ಇಳಿಜಾರಿನಲ್ಲಿದ್ದರೆ ಭುಜಗಳನ್ನು ಇಳಿಜಾರಿಗೆ ಸಮನಾಗಿ ಹೊಂದಿಸಿ. ಮೂವತ್ತು-ನಲವತ್ತು ಗಜದ ಬಂಕರ್ ಏಟಿಗೆ ಇನ್ನೂ ಜೋರಾಗಿ ಬೀಸುವ ಬದಲು ಅದೇ ಬೀಸನ್ನು ಪಿಚಿಂಗ್ ವೆಜ್ ಅಥವಾ 9 ಐರನ್‌ನಲ್ಲಿ ಹಾಕಿ. ಫೇರ್‌ವೇ ಬಂಕರಿನ ಶಾಸ್ತ್ರ ಬೇರೆ. ಅಲ್ಲಿ ಚೆಂಡೇ ಮೊದಲು, ಮರಳು ಆಮೇಲೆ.

2019ರಿಂದ ನಿಯಮಗಳೂ ತುಸು ಕರುಣೆ ತೋರಿವೆ. ಚೆಂಡಿನ ಹತ್ತಿರ ಬಿದ್ದ ಎಲೆ, ಕಡ್ಡಿ, ಕಲ್ಲು ತೆಗೆಯಬಹುದು. ಮಳೆಮರಗಳ ಕೆಳಗೆ ಆಡುವ ನಮಗೆ ಇದು ಸಣ್ಣ ಉಪಕಾರವಲ್ಲ. ತೆಗೆಯುವಾಗ ಚೆಂಡು ಅಲುಗಿದರೆ ಮಾತ್ರ ಒಂದು ಏಟಿನ ದಂಡ. ಚೆಂಡಿನ ಹಿಂದೆ ಮುಂದೆ ಕ್ಲಬ್ ಊರುವಂತಿಲ್ಲ, ಅಭ್ಯಾಸದ ಬೀಸಿನಲ್ಲಾಗಲಿ ಹಿಂಬೀಸಿನಲ್ಲಾಗಲಿ ಮರಳು ಮುಟ್ಟುವಂತಿಲ್ಲ. 2010ರ ಪಿಜಿಎ ಚಾಂಪಿಯನ್‌ಷಿಪ್‌ನ ಕೊನೆಯ ಹೋಲ್‌ನಲ್ಲಿ ಡಸ್ಟಿನ್ ಜಾನ್ಸನ್ ತಾವು ನಿಂತಿರುವುದು ಬಂಕರ್ ಎಂದೇ ತಿಳಿಯದೆ ಕ್ಲಬ್ ಊರಿ, ಎರಡು ಏಟಿನ ದಂಡ ತೆತ್ತು ಪ್ಲೇಆಫ್ ಕಳೆದುಕೊಂಡರು. ಪಾದ ಊರಿ ನಿಲ್ಲುವುದಕ್ಕೆ ಅಡ್ಡಿಯಿಲ್ಲ. ಮರಳು ಎಷ್ಟು ಆಳ, ಎಷ್ಟು ಒದ್ದೆ ಎಂಬುದನ್ನು ಅಂಗಾಲಿನಿಂದಲೇ ತಿಳಿದುಕೊಳ್ಳಿ.

ಕೊನೆಯದಾಗಿ ನಿರೀಕ್ಷೆಯ ಮಾತು. ಪಿಜಿಎ ಟೂರಿನವರೇ ಗ್ರೀನ್ ಪಕ್ಕದ ಬಂಕರಿನಿಂದ ಎರಡು ಏಟಿನಲ್ಲಿ ಹೋಲ್ ಮುಗಿಸುವುದು ಸರಿಸುಮಾರು ಅರ್ಧದಷ್ಟು ಸಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ತನಗಿಂತ ಎಷ್ಟೋ ದೂರ ಹೊಡೆಯುವವರ ನಡುವೆ ನಾಲ್ಕನೆಯವರಾದದ್ದು ಗ್ರೀನ್ ಮೇಲಿನ ಮತ್ತು ಅದರ ಆಸುಪಾಸಿನ ಆಟದಿಂದ. ನಮ್ಮ ಗುರಿ ಇನ್ನೂ ಸರಳವಾಗಿರಲಿ: ಒಂದೇ ಏಟಿಗೆ ಹೊರಗೆ, ಗ್ರೀನ್ ಮೇಲೆ ಎಲ್ಲಾದರೂ ಸರಿ. 1978ರ ಓಪನ್‌ನಲ್ಲಿ ಸೇಂಟ್ ಆಂಡ್ರೂಸ್‌ನ 17ನೇ ಹೋಲ್‌ನಲ್ಲಿ ಟಾಮಿ ನಕಾಜಿಮಾ ಎರಡೇ ಏಟಿಗೆ ಗ್ರೀನ್ ಸೇರಿದ್ದರು. ಅಲ್ಲಿಂದ ಪಟ್ ಮಾಡಿದ ಚೆಂಡು ಉರುಳಿ ರೋಡ್ ಹೋಲ್ ಬಂಕರಿಗೆ ಬಿತ್ತು. ಹೊರಬರಲು ನಾಲ್ಕು ಏಟು, ಕಾರ್ಡಿನಲ್ಲಿ 9. ಟೈಗರ್ ವುಡ್ಸ್ 2000ದಲ್ಲಿ ಅದೇ ಮೈದಾನದಲ್ಲಿ ಗೆದ್ದಾಗ 72 ಹೋಲ್‌ಗಳಲ್ಲಿ ಒಮ್ಮೆಯೂ ಬಂಕರಿಗೆ ಬೀಳಲಿಲ್ಲ. ಅದು ನಮ್ಮ ಕೈಲಾಗುವ ಮಾತಲ್ಲ. ಗೋಡೆಯ ಬುಡಕ್ಕೆ ಅಂಟಿದ ಚೆಂಡನ್ನು ಕುಳಿಯ ಕಡೆಗೇ ಹೊಡೆಯುವ ಹಟ ಬಿಟ್ಟು, ಪಕ್ಕಕ್ಕೋ ಹಿಂದಕ್ಕೋ ಆಡುವುದು ಕೈಲಾಗುತ್ತದೆ. ಅದೂ ಆಗದಿದ್ದರೆ ಎರಡು ಏಟಿನ ದಂಡ ಕೊಟ್ಟು ಚೆಂಡನ್ನು ಬಂಕರಿನ ಹೊರಗೇ, ಹಿಂದಕ್ಕೆ, ಇಟ್ಟು ಆಡುವ ಅವಕಾಶವೂ 2019ರಿಂದ ಇದೆ. ದುಬಾರಿ ಅನಿಸಬಹುದು, ಅದೇ ಗೋಡೆಗೆ ಮೂರು ಸಲ ಬಡಿದು ವಾಪಸ್ ಬರುವುದಕ್ಕಿಂತ ಅಗ್ಗ. ಹೊಡೆದಾದ ಮೇಲೆ ರೇಕ್ ಎಳೆದು ಬನ್ನಿ. ನಿಮ್ಮ ಹೆಜ್ಜೆಗುಳಿಗೆ ಬಿದ್ದ ಚೆಂಡಿಗೆ ನಿಯಮ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ, ಹಿಂದೆ ಬರುವ ನಾಲ್ವರು ನಿಮ್ಮನ್ನು ಬೈಯುವುದಕ್ಕೆ ತಡೆಯೂ ಇಲ್ಲ.