ಕೊಪ್ರುಲು ಪಂಥ: ಒಂದು ಮರುಪರಿಶೀಲನೆ

1913ರಲ್ಲಿ ಇಸ್ತಾಂಬುಲ್ಲಿನ ದಾರುಲ್‌ಫುನೂನ್ ವಿಶ್ವವಿದ್ಯಾಲಯ ತುರ್ಕಿ ಸಾಹಿತ್ಯ ಚರಿತ್ರೆಯ ಪ್ರಾಧ್ಯಾಪಕ ಹುದ್ದೆಯನ್ನು ಕೊಟ್ಟದ್ದು 23ರ ಆಸುಪಾಸಿನ ಒಬ್ಬ ತರುಣನಿಗೆ. ಕಾನೂನು ಓದಲು ಸೇರಿ, ಪದವಿ ಪಡೆಯದೆ ಹೊರಬಂದು, ಶಾಲೆಗಳಲ್ಲಿ ಸಾಹಿತ್ಯ ಪಾಠ ಹೇಳುತ್ತಿದ್ದ ಆ ತರುಣನೇ ಮೆಹ್ಮೆತ್ ಫುವಾತ್ ಕೊಪ್ರುಲು. 17ನೇ ಶತಮಾನದಲ್ಲಿ ಆಟೊಮನ್ ಸಾಮ್ರಾಜ್ಯವನ್ನು ನಡೆಸಿದ ವಜೀರರ ಮನೆತನದ ಹೆಸರು ಅವರದು. ಅದೇ ವರ್ಷ ಸಾಹಿತ್ಯ ಚರಿತ್ರೆಯನ್ನು ಬರೆಯುವ ವಿಧಾನದ ಬಗ್ಗೆ ಅವರದೊಂದು ಲೇಖನ ಪ್ರಕಟವಾಯಿತು. ಆಧುನಿಕ ತುರ್ಕಿಯ ಇತಿಹಾಸ ಲೇಖನದ ಮುಖ್ಯ ಪಂಥವೊಂದು ಮೊಳೆತದ್ದು ಅಲ್ಲಿ.

ಆಗಿನ ವಿದ್ವಾಂಸರಿಗೆ ಸಾಹಿತ್ಯವೆಂದರೆ ಅರಮನೆಯ ಕಾವ್ಯ, ಚರಿತ್ರೆಯೆಂದರೆ ಸುಲ್ತಾನರ ದಂಡಯಾತ್ರೆ. ಕೊಪ್ರುಲು ಈ ಎರಡನ್ನೂ ಒಪ್ಪಲಿಲ್ಲ. ಸಂತರ ಪವಾಡಕಥೆ, ದರ್ವೇಶಿಗಳ ಹಾಡು, ದತ್ತಿಪತ್ರ, ಊರೂರು ಅಲೆಯುವ ಹಾಡುಗಾರರ ಪದಗಳು ಎಲ್ಲವೂ ಅವರಿಗೆ ಆಧಾರಗಳಾದವು. 1918ರಲ್ಲಿ ಬಂದ ‘ತುರ್ಕಿ ಸಾಹಿತ್ಯದ ಮೊದಲ ಅನುಭಾವಿಗಳು’ ಗ್ರಂಥ ಇದಕ್ಕೆ ಮೊದಲ ದೊಡ್ಡ ನಿದರ್ಶನ. ಮಧ್ಯ ಏಷ್ಯಾದ ಸಂತ ಅಹ್ಮದ್ ಯೆಸೆವಿಯಿಂದ ಅನಾತೋಲಿಯದ ಕವಿ ಯೂನುಸ್ ಎಮ್ರೆಯವರೆಗೆ ಒಂದೇ ಪರಂಪರೆ ಹರಿದು ಬಂದಿದೆ ಎಂಬುದು ಅದರ ವಾದ. ಸಾಮ್ರಾಜ್ಯ ಕುಸಿಯುತ್ತಿದ್ದ ಹೊತ್ತಿನಲ್ಲಿ ಒಬ್ಬ ವಿದ್ವಾಂಸ ಜನಸಾಮಾನ್ಯರ ಭಾಷೆಯಲ್ಲಿ ಹಾಡಿದ ಕವಿಯನ್ನು ಚರಿತ್ರೆಯ ನಡುಮನೆಗೆ ತಂದು ಕೂರಿಸಿದ್ದು ಸಣ್ಣ ಸಾಹಸವಲ್ಲ.

ಅವರ ಕೆಲಸದ ರೀತಿ ಅರಿಯಲು 1931ರ ಒಂದು ಪ್ರಬಂಧವನ್ನು ಹತ್ತಿರದಿಂದ ನೋಡಬೇಕು. ಆಟೊಮನ್ನರು ಆಡಳಿತವನ್ನು ಬೈಜಾಂಟಿಯಮ್ಮಿನಿಂದಲೇ ಕಲಿತರು ಎಂಬ ಮಾತು ಯುರೋಪಿನಲ್ಲಿ ಬಹುಮಟ್ಟಿಗೆ ಇತ್ಯರ್ಥವಾದ ಸಂಗತಿಯಂತೆ ಚಲಾವಣೆಯಲ್ಲಿತ್ತು. ಅಮೆರಿಕದ ಹರ್ಬರ್ಟ್ ಗಿಬನ್ಸ್ 1916ರಲ್ಲಿ ಇನ್ನೂ ಮುಂದೆ ಹೋಗಿ, ಮತಾಂತರಗೊಂಡ ಗ್ರೀಕರು ಬೆರೆತು ಹುಟ್ಟಿದ ಹೊಸ ಜನಾಂಗವೇ ಆಟೊಮನ್ನರೆಂದು ಬರೆದಿದ್ದರು. ಕೊಪ್ರುಲು ಕೂಗಾಡಲಿಲ್ಲ. ಒಂದೊಂದೇ ಸಂಸ್ಥೆಯನ್ನು ಕೈಗೆತ್ತಿಕೊಂಡರು. ಸೈನಿಕ ಸೇವೆಗೆ ಪ್ರತಿಯಾಗಿ ಭೂಮಿಯ ಕಂದಾಯವನ್ನು ಬಿಟ್ಟುಕೊಡುವ ತಿಮಾರ್ ಪದ್ಧತಿಯನ್ನೇ ನೋಡಿ: ಅದರ ಬೇರನ್ನು ಅವರು ಆಟೊಮನ್ನರಿಗಿಂತ ಮೊದಲು ಆಳಿದ ಸೆಲ್ಜುಕ್ ತುರ್ಕರ ‘ಇಕ್ತಾ’ ಎಂಬ ಅಂಥದ್ದೇ ಪದ್ಧತಿಯಲ್ಲಿ ಹುಡುಕಿದರು. ಪಕ್ಕದವನ ಮನೆಯಲ್ಲಿ ಅಂಥದ್ದೇ ವಸ್ತುವಿದ್ದರೆ ಅಲ್ಲಿಂದಲೇ ಎತ್ತಿ ತಂದದ್ದು ಎನ್ನುವ ಮುನ್ನ ಅಜ್ಜನ ಪೆಟ್ಟಿಗೆಯನ್ನು ತೆರೆದು ನೋಡಬೇಕು, ಇದು ಅವರ ತರ್ಕದ ತಿರುಳು. ಬೈಜಾಂಟಿಯಮ್ಮಿನ ಪ್ರಭಾವ ಇದ್ದರೂ ಅದು ಬಹುಪಾಲು ಹಿಂದಿನ ಇಸ್ಲಾಮಿಕ್ ರಾಜ್ಯಗಳ ಮೂಲಕ ಬಂದದ್ದು ಎಂದರು. 1935ರಲ್ಲಿ ಪ್ಯಾರಿಸ್ಸಿನಲ್ಲಿ ಪುಸ್ತಕವಾದ ಅವರ ಉಪನ್ಯಾಸಗಳು ಆಟೊಮನ್ ರಾಜ್ಯದ ಹುಟ್ಟನ್ನು ಇಡೀ ಅನಾತೋಲಿಯದ ಸಾಮಾಜಿಕ ಹಿನ್ನೆಲೆಯಲ್ಲಿಟ್ಟು ವಿವರಿಸಿದವು.

ಪಂಥದ ದೌರ್ಬಲ್ಯ ಇರುವುದೂ ಇಲ್ಲೇ. ಅಜ್ಜನ ಪೆಟ್ಟಿಗೆಯಲ್ಲಿ ಏನು ಸಿಕ್ಕರೂ ಅದು ತುರ್ಕಿಯದೇ ಎಂಬ ನಂಬಿಕೆ ಹುಡುಕಾಟಕ್ಕೆ ಮೊದಲೇ ಸಿದ್ಧವಾಗಿತ್ತು. ಯೆಸೆವಿಯ ಹೆಸರಿನಲ್ಲಿರುವ ಪದ್ಯಗಳ ಹಸ್ತಪ್ರತಿಗಳು ಅವನ ಕಾಲಕ್ಕಿಂತ ಬಹಳ ಈಚಿನವು. ಇದು ಕೊಪ್ರುಲು ಅವರಿಗೆ ಗೊತ್ತಿತ್ತು, ಆದರೂ ಅನಾತೋಲಿಯದವರೆಗೆ ಗೆರೆ ಎಳೆದರು. ಇಸ್ಲಾಮಿನ ತೆಳು ಹೊದಿಕೆಯ ಕೆಳಗೆ ಹಳೆಯ ಶಮನ್ ನಂಬಿಕೆಗಳು ಉಳಿದುಬಂದವೆಂಬ ಅವರ ಊಹೆಯನ್ನು ಡೆವಿನ್ ಡಿವೀಸ್, ಅಹ್ಮೆತ್ ಕರಾಮುಸ್ತಫಾ ಮೊದಲಾದ ವಿದ್ವಾಂಸರು ಕಟುವಾಗಿ ಪ್ರಶ್ನಿಸಿದ್ದಾರೆ. ಅಲೆವಿಗಳಂಥ ಸಮುದಾಯಗಳನ್ನು ಸಂಪ್ರದಾಯದ ಹೊರಗಿನವರೆಂದು ಗುರುತಿಸಿದ ಕೊಪ್ರುಲು ಅವರ ವರ್ಗೀಕರಣ ಇಂದಿಗೂ ಪಠ್ಯಗಳಲ್ಲಿ ಉಳಿದಿದೆ. ಇದನ್ನು ಬರೀ ವಿದ್ವತ್ತಿನ ದೋಷವೆಂದು ಬಿಡಲಾಗದು, ಬದುಕಿರುವ ಜನರನ್ನು ಸರ್ಕಾರ ಮತ್ತು ಸಮಾಜ ನೋಡುವ ಬಗೆಯನ್ನೇ ಅದು ರೂಪಿಸಿತು.

1932ರ ಜುಲೈನಲ್ಲಿ ಅಂಕಾರಾದಲ್ಲಿ ಮೊದಲ ತುರ್ಕಿ ಇತಿಹಾಸ ಸಮ್ಮೇಳನ ನಡೆಯಿತು. ಮಧ್ಯ ಏಷ್ಯಾ ಒಣಗಿದ್ದರಿಂದ ವಲಸೆ ಹೋದ ತುರ್ಕರೇ ಜಗತ್ತಿಗೆ ನಾಗರಿಕತೆ ಹಂಚಿದರೆಂಬುದು ಅಲ್ಲಿ ಮಂಡಿತವಾದ ಸರ್ಕಾರದ ಸಿದ್ಧಾಂತ. ಕೊಪ್ರುಲು ವಿಧಾನದ ಪ್ರಶ್ನೆ ಎತ್ತಿದರು, ಎದುರಿನಿಂದ ಏಟು ಬಿದ್ದಾಗ ಮೆತ್ತಗಾದರು. ಬರಗಾಲದ ವಾದವನ್ನು ವಿರೋಧಿಸಿದ ಇತಿಹಾಸಕಾರ ಝೆಕಿ ವೆಲಿದಿ ತೊಗಾನ್ ದೇಶ ಬಿಟ್ಟು ವಿಯೆನ್ನಾ ಸೇರಬೇಕಾಯಿತು. 1935ರಲ್ಲಿ ಕೊಪ್ರುಲು ಕಾರ್ಸ್ ಕ್ಷೇತ್ರದಿಂದ ಆಳುವ ಪಕ್ಷದ ಸಂಸದರಾದರು. ಆಧಾರವಿಲ್ಲದೆ ಮಾತಾಡಬಾರದೆಂದು ಒಂದು ಪೀಳಿಗೆಗೆ ಕಲಿಸಿದವರು ಆ ಸಮ್ಮೇಳನದಲ್ಲಿ ಗಟ್ಟಿಯಾಗಿ ನಿಲ್ಲಬೇಕಿತ್ತು.

ರಾಜಕೀಯದಲ್ಲಿ ಆ ಧೈರ್ಯ ತಡವಾಗಿ ಬಂತು. 1945ರ ಜೂನ್ 7ರಂದು ಸಹ ಸಂಸದರಾದ ಜೆಲಾಲ್ ಬಯಾರ್, ಅದ್ನಾನ್ ಮೆಂದೆರೆಸ್, ರೆಫಿಕ್ ಕೊರಲ್ತಾನ್ ಜೊತೆ ಸೇರಿ ಪ್ರಜಾಸತ್ತೆಯ ಹಕ್ಕುಗಳನ್ನು ಕೇಳುವ ಮನವಿಗೆ ಸಹಿ ಹಾಕಿದರು. ಪತ್ರಿಕೆಯಲ್ಲಿ ಬರೆದದ್ದಕ್ಕೆ ಆಳುವ ಪಕ್ಷ ಅವರನ್ನು ಉಚ್ಚಾಟಿಸಿತು. ಮರುವರ್ಷ ಈ ನಾಲ್ವರ ಡೆಮಾಕ್ರಾಟ್ ಪಕ್ಷ ಹುಟ್ಟಿತು, 1950ರಲ್ಲಿ ಗೆದ್ದಿತು, ಅವರು ವಿದೇಶಾಂಗ ಸಚಿವರಾದರು. ತುರ್ಕಿ 1952ರಲ್ಲಿ ನೇಟೋ ಸೇರಿದ್ದು ಅವರ ಅವಧಿಯಲ್ಲೇ. ತಾವೇ ಕಟ್ಟಿದ ಪಕ್ಷ ದಬ್ಬಾಳಿಕೆಗೆ ಇಳಿದಾಗ, 1957ರಲ್ಲಿ ಅದನ್ನು ತೊರೆದರು. 1960ರ ಸೇನಾ ದಂಗೆಯ ನಂತರ ಯಸ್ಸಿಅದಾ ದ್ವೀಪದಲ್ಲಿ ವಿಚಾರಣೆ ಎದುರಿಸಿ ಖುಲಾಸೆಯಾದರು. 1966ರಲ್ಲಿ ತೀರಿಕೊಂಡರು.

ಶಿಷ್ಯರಲ್ಲಿ ಜಾನಪದ ವಿದ್ವಾಂಸ ಪೆರ್ತೆವ್ ನೈಲಿ ಬೊರಾತವ್ ಎಡಪಂಥೀಯರೆಂಬ ಆರೋಪ ಹೊತ್ತು ಹುದ್ದೆ ಕಳೆದುಕೊಂಡು ಫ್ರಾನ್ಸಿಗೆ ಹೋದರು, ನಿಹಾಲ್ ಅತ್ಸಿಜ್ ಉಗ್ರ ಜನಾಂಗವಾದಿಯಾದರು, ಹಲಿಲ್ ಇನಾಲ್ಜಿಕ್ ದಫ್ತರಗಳೊಳಗೆ ಮುಳುಗಿ ಆಟೊಮನ್ ಚರಿತ್ರೆಗೆ ಹೊಸ ತಳಪಾಯ ಹಾಕಿದರು. ಒಂದೇ ತರಗತಿಯಿಂದ ಇಷ್ಟು ಬೇರೆ ದಾರಿಗಳು ಹೊರಟಿವೆ. ಗುರುವಿನ ತೀರ್ಮಾನಗಳನ್ನು ಬದಿಗಿಟ್ಟು ವಿಧಾನವನ್ನು ಉಳಿಸಿಕೊಂಡ ಇನಾಲ್ಜಿಕ್ ಅವರೇ, ಈ ಲೇಖಕನ ದೃಷ್ಟಿಯಲ್ಲಿ, ಪಂಥದ ನಿಜವಾದ ವಾರಸುದಾರ.

‘ಮೊದಲ ಅನುಭಾವಿಗಳು’ ಗ್ರಂಥದ ಇಂಗ್ಲಿಷ್ ಅನುವಾದ 2006ರಲ್ಲಿ ಬಂದಿದೆ. ಅದಕ್ಕೆ ಮುನ್ನುಡಿ ಬರೆದವರು ಕೊಪ್ರುಲು ಅವರ ಕಟು ಟೀಕಾಕಾರ ಡಿವೀಸ್. ಆಸಕ್ತ ಓದುಗರು ಮುನ್ನುಡಿಯನ್ನೂ ಗ್ರಂಥವನ್ನೂ ಒಟ್ಟಿಗೆ ಓದಬೇಕು, ಅಡಿಟಿಪ್ಪಣಿಗಳನ್ನು ಬಿಡದೆ.