ಎಂಟನೇ ವಯಸ್ಸಿಗೇ ನಪಾಸು

ಇಂಗ್ಲೆಂಡ್ ಫುಟ್‌ಬಾಲ್ ತಂಡದ ಪರ ಅತಿ ಹೆಚ್ಚು ಗೋಲು ಹೊಡೆದವನು ಹ್ಯಾರಿ ಕೇನ್. ಇದೇ ಕೇನ್‌ನನ್ನು ಎಂಟನೇ ವಯಸ್ಸಿನ ಸುಮಾರಿಗೆ ಸೇರಿಸಿಕೊಂಡಿದ್ದ ಆರ್ಸೆನಲ್ ಅಕಾಡೆಮಿ, ಒಂದು ಸೀಸನ್ ನೋಡಿ ಮನೆಗೆ ಕಳಿಸಿತ್ತು. ಹುಡುಗ ಸ್ವಲ್ಪ ದುಂಡಗಿದ್ದ, ಮೈಯಲ್ಲಿ ಚುರುಕು ಸಾಲದು ಅನ್ನಿಸಿತ್ತು. ಆಗ ಅಕಾಡೆಮಿಯ ಹೊಣೆ ಹೊತ್ತಿದ್ದ ಲಿಯಾಮ್ ಬ್ರೇಡಿ ಅದು ತಪ್ಪಾಗಿತ್ತೆಂದು ಮುಂದೆ ಒಪ್ಪಿಕೊಂಡರು.

ಬ್ರೇಡಿಗೆ ಆಟ ತಿಳಿಯದು ಎನ್ನಲಾಗದು. ಆಡುತ್ತಿದ್ದ ಕಾಲದ ಅವರ ಎಡಗಾಲಿನ ಪಾಸ್ ನೋಡಿದವರು ಇವತ್ತಿಗೂ ಮರೆತಿಲ್ಲ. ಅಂಥವರ ಅಕಾಡೆಮಿಯ ಕಣ್ಣೇ ಎಡವಿದ್ದು ಹೇಗೆ? ಕೇನ್ ಹುಟ್ಟಿದ್ದು 1993ರ ಜುಲೈ 28ರಂದು. ಇಂಗ್ಲೆಂಡಿನಲ್ಲಿ ಮಕ್ಕಳ ವಯೋಮಿತಿಯ ಲೆಕ್ಕ ಸೆಪ್ಟೆಂಬರ್ 1ರಿಂದ ಶುರು. ಅವನ ವಯೋಗುಂಪಿನಲ್ಲೇ ಹತ್ತು ತಿಂಗಳಿಗೂ ದೊಡ್ಡ ಹುಡುಗರಿಗೆ ಜಾಗವಿತ್ತು. ಇಪ್ಪತ್ತೈದರ ಆಟಗಾರನಿಗೆ ಹತ್ತು ತಿಂಗಳು ಏನೂ ಅಲ್ಲ. ಎಂಟರ ಮಗುವಿಗೆ ಅದು ಎತ್ತರ, ತೂಕ, ಓಟ ಎಲ್ಲವೂ ಹೌದು. ಇಂಗ್ಲಿಷ್ ಅಕಾಡೆಮಿಗಳಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಹುಟ್ಟಿದವರೇ ತುಂಬಿರುತ್ತಾರೆ, ಬೇಸಿಗೆಯ ಮಕ್ಕಳು ವಿರಳ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಪ್ರತಿಭೆ ಕ್ಯಾಲೆಂಡರ್ ನೋಡಿ ಹುಟ್ಟುವುದಿಲ್ಲ. ಸ್ಕೌಟ್‌ಗಳು ಆರಿಸುತ್ತಿರುವುದು ಬೇಗ ಬೆಳೆದ ಮೈಯನ್ನು.

ಪುಟ್ಟ ಮೈಯಿದ್ದೂ ಆಯ್ಕೆಯಾದ ಮೆಸ್ಸಿ ಇಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 2000ದಲ್ಲಿ ಬಾರ್ಸಿಲೋನಾಗೆ ಬಂದಾಗ ಅವನಿಗೆ ಹದಿಮೂರು. ಬೆಳವಣಿಗೆಯ ಹಾರ್ಮೋನ್ ಕೊರತೆಯಿಂದ ತೀರಾ ಪುಟ್ಟಗಿದ್ದ. ಅಲ್ಲಿ ಕ್ಲಬ್ಬಿನ ಅಧಿಕಾರಿ ಕಾರ್ಲೆಸ್ ರೆಕ್ಸಾಚ್ ಎತ್ತರ ಅಳೆಯಲಿಲ್ಲ, ಚೆಂಡು ಕಾಲಿಗೆ ಅಂಟಿಕೊಳ್ಳುವುದನ್ನು ನೋಡಿದರು. ಕ್ಲಬ್ಬು ಚಿಕಿತ್ಸೆಯ ಖರ್ಚನ್ನೂ ಹೊತ್ತಿತು. ಮೆಚ್ಚಬೇಕಾದದ್ದು ಆ ನೋಟವನ್ನು.

ಅದೇ ಕ್ಲಬ್ಬು 2011ರಲ್ಲಿ ಜಪಾನಿನಿಂದ ಹತ್ತು ವರ್ಷದ ಟಾಕೆಫುಸಾ ಕುಬೊನನ್ನು ಕರೆತಂದಿತು. ಹದಿನೆಂಟು ತುಂಬದವರನ್ನು, ಕೆಲವು ವಿನಾಯಿತಿಗಳ ಹೊರತು, ದೇಶದಿಂದ ದೇಶಕ್ಕೆ ವರ್ಗಾಯಿಸುವಂತಿಲ್ಲ ಎಂಬುದು ಫಿಫಾ ನಿಯಮ. ಅದನ್ನು ಮುರಿದದ್ದಕ್ಕೆ 2014ರಲ್ಲಿ ಬಾರ್ಸಿಲೋನಾಗೆ ಶಿಕ್ಷೆಯಾಯಿತು. ಪಂದ್ಯ ಆಡಲಾಗದೆ ಕುಬೊ ಮರುವರ್ಷ ಜಪಾನಿಗೆ ಮರಳಿದ. ತಪ್ಪು ದೊಡ್ಡವರದು, ಬಾಲ್ಯ ಅವನದು. ಅವನೇನೋ ಮತ್ತೆ ಸ್ಪೇನಿಗೆ ಬಂದು ಗೆದ್ದ; ಎಲ್ಲರಿಗೂ ಆ ಕಾಲುಗಳಿರುವುದಿಲ್ಲ.

ಈ ನಿಯಮವೂ ಕಾಯುವುದು ದೇಶದ ಗಡಿ ದಾಟುವ ಮಕ್ಕಳನ್ನು ಮಾತ್ರ. ಊರು ಬಿಟ್ಟು ಬೆಂಗಳೂರಿನ ಹಾಸ್ಟೆಲ್ ಸೇರುವ ಒಂಬತ್ತರ ಹುಡುಗನಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಹನ್ನೆರಡು ತುಂಬುವವರೆಗೆ ಯಾವ ಮಗುವನ್ನೂ ಆರಿಸಲೂಬಾರದು, ಕೈಬಿಡಲೂಬಾರದು ಎಂಬುದು ನನ್ನ ಖಚಿತ ನಿಲುವು. ಅಲ್ಲಿಯವರೆಗೆ ಬಂದವರೆಲ್ಲ ಆಡಲಿ.

ನಮ್ಮ ಫುಟ್‌ಬಾಲ್‌ನಲ್ಲಿ ವಯೋಮಿತಿಯ ಲೆಕ್ಕ ಸಾಮಾನ್ಯವಾಗಿ ಜನವರಿ 1ರಿಂದ. ನವೆಂಬರ್, ಡಿಸೆಂಬರ್‌ನಲ್ಲಿ ಹುಟ್ಟಿದ ನಿಮ್ಮ ಮಗ ಅಥವಾ ಮಗಳು ಈ ಸಲದ ಟ್ರಯಲ್ಸ್‌ನಲ್ಲಿ ಆಯ್ಕೆಯಾಗದಿದ್ದರೆ ದಯವಿಟ್ಟು ಬೂಟುಗಳನ್ನು ಅಟ್ಟಕ್ಕೆ ಹಾಕಬೇಡಿ. ಮುಂದಿನ ವರ್ಷವೂ ಕರೆದುಕೊಂಡು ಹೋಗಿ.